ಚಾಡಿ ಹೇಳದ ಮೆಷಿನ್

ಮಂಗಳವಾರ, ಊಟದ ಬಿಡುವು

ಮೆಕ್ಯಾನಿಕ್ ಸಾಹೇಬರಿಗೆ ನಮಸ್ಕಾರ.

ಭಾನುವಾರ ಫೋನಿನಲ್ಲಿ ನೀವು ಎಗರಾಡಿದ್ದೆಲ್ಲ ಚೆನ್ನಾಗಿ ಕೇಳಿಸಿತು. "ನಮ್ಮಮ್ಮಂಗೆ ಏನ್ಮಾಡ್ದೆ ನೀನು? ವೃದ್ಧಾಶ್ರಮಕ್ಕೆ ಸೇರಿಸು ಅಂತ ಯಾಕೆ ಹಟ ಹಿಡಿದಿದಾರೆ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಕಟ್ ಮಾಡಿದಿರಿ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಎಕ್ಸ್-ರೇ ಕೋಣೆಯ ಹಿಂದಿನ ಇಕ್ಕಟ್ಟಿನಲ್ಲಿ ಕೂತಿದ್ದೇನೆ. ಯಾರೂ ಕೈಕಾಲು ಮುರಿದುಕೊಂಡು ಬರದಿದ್ದರೆ ಇವತ್ತೇ ಮುಗಿಸುತ್ತೇನೆ.

ಮೊದಲು ಕೆಲಸದ ಮಾತು. ಮನೆಗೆ ಒಂದು ವಾಷಿಂಗ್ ಮೆಷಿನ್, ಒಂದು ಡ್ರೈಯರ್ ಬೇಕು. ಹಳೆಯ ಮೆಷಿನ್ ನೀವಿದ್ದಾಗಲೇ ಗಡಗಡ ನಡುಗುತ್ತಿತ್ತು. ಊರವರ ಮೆಷಿನ್ನುಗಳನ್ನೆಲ್ಲ ಬಿಚ್ಚಿ ಜೋಡಿಸುವ ನಿಮಗೆ ನಮ್ಮದಕ್ಕೆ ಮಾತ್ರ ಕೈ ಹಾಕಲು ಪುರುಸೊತ್ತು ಸಿಗಲಿಲ್ಲ. ಈಗ ಅದು ಪೂರ್ತಿ ಕೈಕೊಟ್ಟಿದೆ. ಜಾಗ ನಿಮಗೆ ಗೊತ್ತಿರುವುದೇ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಚ್ಚಲ ಬಾಗಿಲು ಅರ್ಧವೇ ತೆರೆಯುತ್ತದೆ. ಒಂದರ ಮೇಲೊಂದು ಇಟ್ಟರೆ ಜಾಗವೇನೋ ಉಳಿಯುತ್ತದೆ, ಆದರೆ ಮೇಲಿನ ಡ್ರೈಯರು ಅತ್ತೆಗೆ ಎಟುಕುವುದಿಲ್ಲ. ಅತ್ತೆಗೆ ಯಾಕೆ ಎಟುಕಬೇಕು ಎಂದು ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ನಿಮ್ಮನ್ನು ಕೇಳದೆ ನಾನೇ ಒಂದು ತಂದಿದ್ದೆ. ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಆಗುವಂಥದ್ದು. ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು. "ಮೇಡಂ, ನೀವು ಡ್ಯೂಟೀಲಿದ್ರೂ ಮನೇಲಿ ಮೆಷಿನ್ ಏನ್ಮಾಡ್ತಿದೆ ಅಂತ ಫೋನಿಗೇ ಬರತ್ತೆ" ಎಂದ. ನಾನೂ ಮರುಳಾದೆ. ತಂದು ಕೂರಿಸಿ, ಯಾವ ಗುಂಡಿ ಒತ್ತಬೇಕು ಎಂದು ಅತ್ತೆಗೆ ತೋರಿಸಿದೆ. "ನಂಗ್ಯಾಕೆ ಇದೆಲ್ಲ" ಎಂದರು, ಆದರೆ ರೆಪ್ಪೆ ಬಡಿಯದೆ ನೋಡಿಕೊಂಡರು.

ಮರುದಿನ ಯಾರದೋ ಎದೆಯ ಎಕ್ಸ್-ರೇ ತೆಗೆಯುತ್ತ "ಉಸಿರು ಬಿಗಿಹಿಡೀರಿ" ಎನ್ನುತ್ತಿದ್ದೆ, ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಒಗೆಯುವುದು ಶುರುವಾಗಿದೆ. ಮಧ್ಯಾಹ್ನ ಇನ್ನೊಂದು ಟಿಂಗ್. ಒಣಗಿಸಿ ಮುಗಿದಿದೆ, ಬಟ್ಟೆ ತೆಗೆಯಿರಿ. ದಿನಾ ಇದೇ ಕತೆ. ಸಂಜೆ ಮನೆಗೆ ಹೋದರೆ ಮೆಷಿನ್ ಖಾಲಿ, ಅತ್ತೆ ಟಿವಿ ನೋಡುತ್ತಿರುತ್ತಿದ್ದರು. ನಾನೂ ಏನೂ ಗೊತ್ತಿಲ್ಲದವಳ ಹಾಗೆ ಪಕ್ಕದಲ್ಲಿ ಕೂರುತ್ತಿದ್ದೆ.

ಎಡವಟ್ಟಾದದ್ದು ಭಾನುವಾರ. ತರಕಾರಿ ತರಲು ಹೋದವಳು ಚೀಲ ಮರೆತೆನೆಂದು ಅರ್ಧ ದಾರಿಯಿಂದ ವಾಪಸು ಬಂದೆ. ಆ ಮೆಷಿನ್ನಿಗೆ ಕೆಲಸ ಮುಗಿದ ಮೇಲೆ ಹಾಡುವ ಚಟ. ಗಟ್ಟಿಯಾಗಿ ಹಾಡುತ್ತಿತ್ತು. ಅತ್ತೆ ತಮ್ಮ ಕಂಬಳಿಯನ್ನು ಅದರ ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಒತ್ತಿಹಿಡಿದು, "ಸುಮ್ನಿರೇ, ಸುಮ್ನಿರೇ ಮಾರಾಯ್ತಿ" ಎಂದು ಬೇಡಿಕೊಳ್ಳುತ್ತಿದ್ದರು. ಅದೇ ಗಳಿಗೆಗೆ ನನ್ನ ಕೈಯಲ್ಲಿದ್ದ ಫೋನೂ ಟಿಂಗ್ ಎನ್ನಬೇಕೆ! ಅತ್ತೆ ಮೆಷಿನ್ ನೋಡಿದರು, ಫೋನ್ ನೋಡಿದರು. ಚುರುಕು ಹೆಂಗಸು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಇದು ನಿಂಗೆ ದಿನಾ ಚಾಡಿ ಹೇಳತ್ತಾ?" ಎಂದರು. "ಇಲ್ಲ ಅತ್ತೆ, ಆಸ್ಪತ್ರೆಯಿಂದ ಬಂದಿದ್ದು" ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಮಗೆ ಫೋನ್ ಮಾಡಿದ್ದಾರೆ. ಸೋಮವಾರ ನಾನು ಆ ಮೆಷಿನ್ನನ್ನು ಅಂಗಡಿಗೆ ವಾಪಸು ಕಳಿಸಿದೆ.

ಇಷ್ಟರಲ್ಲಿ ನಿಮಗೆ ಅರ್ಥವಾಗಿರಬೇಕು. ಆಗದಿದ್ದರೆ ನೇರವಾಗಿಯೇ ಹೇಳುತ್ತೇನೆ. ಕೆಲವು ತಿಂಗಳಿಂದ ನಿಮ್ಮ ತಾಯಿಗೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತಿದೆ. ಬಾಲ್ಕನಿಯಲ್ಲಿ ದಿನಾ ಬೆಡ್‌ಶೀಟು ಒಣಹಾಕಿದರೆ ಎದುರುಮನೆಯವರ ಕಣ್ಣಿಗೆ ಬೀಳುತ್ತದೆ ಎಂದು ಕೈಯಲ್ಲೇ ಒಗೆದು, ತಮ್ಮ ಕೋಣೆಯಲ್ಲಿ ಎರಡು ಕುರ್ಚಿಗಳ ಮೇಲೆ ಹರಡಿ, ಫ್ಯಾನು ಹಾಕಿ ಬಾಗಿಲು ಮುಚ್ಚುತ್ತಿದ್ದರು. ಹಸಿ ವಾಸನೆ ಹೋಗಲೆಂದು ಕೋಣೆ ತುಂಬ ಪೌಡರ್ ಚೆಲ್ಲುತ್ತಿದ್ದರು. ಒಮ್ಮೆ ಕಿಟಕಿ ಮುಚ್ಚಲು ಹೋದಾಗ ಕುರ್ಚಿಗಳನ್ನು ನೋಡಿದೆ. ಅವರಾಗಿಯೇ ಹೇಳುವವರೆಗೆ ಕಾಯೋಣ ಎಂದುಕೊಂಡೆ. ಡ್ರೈಯರಿನ ಆಸೆ ನನಗೆ ಹುಟ್ಟಿದ್ದು ಹೀಗೆ.

ಸೊಸೆ ಮುಖ ಕೊಟ್ಟು ಮಾತಾಡುವುದಿಲ್ಲ, ಮನೆ ತುಂಬ ಅವಳದೇ ದರ್ಬಾರು ಎಂದು ನಿಮ್ಮ ಹತ್ತಿರ ಹೇಳಿದರಂತೆ. ಹೇಳಲಿ ಬಿಡಿ. ಏನಾದರೂ ಒಂದು ಕಾರಣ ಕೊಡಬೇಕಿತ್ತಲ್ಲ ಪಾಪ, ಕೈಗೆ ಸಿಕ್ಕವಳು ನಾನು. ನಾನಾಗಿ ಕಳಿಸುವ ಮೊದಲು ತಾವೇ ಹೊರಟುಬಿಡಬೇಕು ಎನ್ನುವುದು ಅವರ ಲೆಕ್ಕ. ನಾನು ಎಲ್ಲಿಗೆ ಕಳಿಸಲಿ ಅವರನ್ನು?

ನಮ್ಮಿಬ್ಬರ ವಿಷಯ ಇಲ್ಲಿ ಬೇಡ. ಅದು ಹೇಗಿದೆಯೋ ಹಾಗಿರಲಿ. ನೀವು ಬೇರೆ ಊರಿಗೆ ಹೋದಾಗ ಅತ್ತೆ ನಿಮ್ಮ ಹಿಂದೆ ಬರಬಹುದಿತ್ತು. "ಅವನಿಗೆ ಅಡುಗೆ ಬರತ್ತೆ, ಇವಳಿಗೆ ಬರಲ್ಲ" ಎಂದು ಇಲ್ಲೇ ಉಳಿದರು. ಸಂಜೆ ನಾನು ಮೆಟ್ಟಿಲು ಹತ್ತುವ ಸದ್ದಿಗೇ ಚಿಲಕ ತೆಗೆಯುತ್ತಾರೆ. ಬಿಸಿ ಇರುವಾಗಲೇ ತಿನ್ನು ಎಂದು ಗದರುತ್ತಾರೆ, ನಾನು ತಿನ್ನುವಾಗ ಪಕ್ಕದ ಫ್ಲಾಟಿನವರನ್ನು ಆಡಿಕೊಳ್ಳುತ್ತಾರೆ, ಇಬ್ಬರೂ ನಗುತ್ತೇವೆ. ಅವರು ಹೋದರೆ ಆ ಮನೆಯಲ್ಲಿ ನನಗೆ ಕಾಲು ನಿಲ್ಲುವುದಿಲ್ಲ. ನನಗೆ ಅವರು ಬೇಕು. ಕರ್ತವ್ಯ ಗಿರ್ತವ್ಯ ಏನಲ್ಲ, ಬೇಕು, ಅಷ್ಟೇ.

ಆದ್ದರಿಂದ ಯೋಚಿಸಿ ಹೇಳಿ. ಎರಡೂ ಬೇರೆ ಬೇರೆಯಾಗಿ ಪಕ್ಕಪಕ್ಕ ಇರಲಿ. ಬಚ್ಚಲ ಬಾಗಿಲು ಅರ್ಧ ತೆರೆದರೆ ತೆರೆಯಲಿ, ನಾನು ಓರೆಯಾಗಿ ನುಗ್ಗುತ್ತೇನೆ. ಕೆಳಗೊಂದು ಗಟ್ಟಿ ಸ್ಟ್ಯಾಂಡ್ ಬೇಕು, ಅವರಿಗೆ ಬಗ್ಗಿದರೆ ಸೊಂಟ ಹಿಡಿಯುತ್ತದೆ. ಗಾಜಿನ ಬಾಗಿಲು ಬೇಡ, ಒಳಗೆ ಏನು ತಿರುಗುತ್ತಿದೆ ಎಂದು ಹಾದುಹೋಗುವವರಿಗೆ ಕಾಣಬಾರದು. ಡ್ರೈಯರಿನಲ್ಲಿ ಬಟ್ಟೆಯಿಂದ ಹೊರಬಿದ್ದ ನೀರು ಡಬ್ಬಿಯಲ್ಲಿ ತುಂಬಿಕೊಳ್ಳುವಂಥದ್ದನ್ನು ಅಂಗಡಿಯಲ್ಲಿ ನೋಡಿದೆ. ತುಂಬಿದ ಡಬ್ಬಿ ಅವರ ಕೈಯಲ್ಲಿ ನಿಲ್ಲದು, ಪೈಪಿನಲ್ಲೇ ಬಚ್ಚಲಿಗೆ ಹೋಗುವಂತಿರಬೇಕು. ಹಾಡು ನಿಲ್ಲಿಸಲು ಒಂದು ಗುಂಡಿ ಇರುತ್ತದಲ್ಲ ಎಂದು ನೀವು ನಗಬಹುದು. ಇರಬಹುದು. ಆದರೆ ನಾನು ಅದನ್ನು ಒತ್ತಿದರೆ ನನಗೆಲ್ಲ ಗೊತ್ತಿದೆ ಎಂದು ಒಪ್ಪಿಕೊಂಡ ಹಾಗೆ. ಹುಟ್ಟಿದಾಗಿನಿಂದಲೇ ಬಾಯಿಲ್ಲದ ಮೆಷಿನ್ ಯಾವುದಾದರೂ ಇದ್ದರೆ ಹೇಳಿ, ಎಷ್ಟು ಹಳೆಯ ಮಾಡೆಲ್ ಆದರೂ ಚಿಂತೆಯಿಲ್ಲ.

ಕೂರಿಸಲು ನೀವು ಬರಬೇಡಿ. ಮಗನಿಗೂ ತಿಳಿಯಿತು ಎಂದರೆ ಅವರು ಕುಗ್ಗಿಹೋಗುತ್ತಾರೆ. ಯಾವುದನ್ನು ಕೊಳ್ಳಲಿ ಎಂದು ಬರೆದು ಕಳಿಸಿ, ಸಾಕು. ಆಶ್ರಮದಲ್ಲಿ ಜಾಗ ವಿಚಾರಿಸುತ್ತೇನೆ ಎಂದಿರಲ್ಲ, ದಯವಿಟ್ಟು ಸದ್ಯಕ್ಕೆ ವಿಚಾರಿಸಬೇಡಿ.

ಇಂತಿ,
ನಿಮ್ಮ ತಾಯಿಯ ಸೊಸೆ

ತಾ.ಕ. (ಬುಧವಾರ ಸಂಜೆ): ಕಾಗದ ಅಂಚೆಗೆ ಹಾಕಲು ಆಗಲಿಲ್ಲ, ಅದೇ ಒಳ್ಳೆಯದಾಯಿತು. ನಿಮ್ಮ ಉತ್ತರ ಬರುವವರೆಗೆ ಅತ್ತೆ ನಿಲ್ಲುವ ಹಾಗೆ ಕಾಣಲಿಲ್ಲ, ಬೆಳಗ್ಗೆಯೇ ಸೀರೆಗಳನ್ನು ಮಡಿಸಿಡಲು ಶುರು ಮಾಡಿದ್ದರು. ನಾನು ಹೋಗಿ ನನ್ನ ಹಾಸಿಗೆಯ ಮೇಲೆ ಒಂದು ಜಗ್ ನೀರು ಸುರಿದೆ. ಆಮೇಲೆ ಅವರನ್ನು ಕರೆದು, "ಅತ್ತೆ, ಯಾರಿಗೂ ಹೇಳ್ಬೇಡಿ, ಕೆಲವು ದಿನದಿಂದ ನಂಗೆ ಹೀಗಾಗ್ತಿದೆ. ಆ ಒಣಗಿಸೋ ಮೆಷಿನ್ ತಂದಿದ್ದು ಇದಕ್ಕೇ" ಎಂದೆ. ಅವರು ಬೆಡ್‌ಶೀಟು ಮುಟ್ಟಿ ನೋಡಿದರು. ನನಗೆ ಅಳು ಬಂತು, ಅದು ನಾಟಕವಲ್ಲ. "ಅಯ್ಯೋ ಹುಚ್ಚಿ, ಇಷ್ಟಕ್ಕೆಲ್ಲ ಅಳ್ತಾರಾ?" ಎಂದು ತಲೆ ಸವರಿ, ಬೆಡ್‌ಶೀಟನ್ನು ತಾವೇ ಎಳೆದು ಬಕೆಟ್ಟಿಗೆ ಹಾಕಿದರು. ಸೀರೆಗಳು ಮತ್ತೆ ಬೀರುವಿಗೆ ಹೋಗಿವೆ. ಆಶ್ರಮ ಬೇಡ ಎಂದು ಅವರೇ ನಿಮಗೆ ಫೋನ್ ಮಾಡುತ್ತಾರೆ, ಕಾರಣ ಕೇಳಬೇಡಿ. ಈ ಸ್ಥಿತಿಯಲ್ಲಿ ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲವಂತೆ. ನಾಳೆ ನಮ್ಮ ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನನಗೆ ಸಂಕೋಚವಾಗದಿರಲಿ ಎಂದು ಮೊದಲು ತಾವೇ ತೋರಿಸಿಕೊಳ್ಳುತ್ತಾರಂತೆ.