ನನ್ನ ದನಿಯನ್ನು ಬೀದಿಯಿಂದ ಇಳಿಸಿ

ಧ್ವನಿವರ್ಧಕಕ್ಕೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬೀದಿಗಳಲ್ಲಿ ಒಬ್ಬ ಸುಳ್ಳುಗಾರ ಹಾಡುಹಗಲೇ ಕೂಗುತ್ತ ತಿರುಗುತ್ತಿದ್ದಾನೆ. ಅವನಿಗೆ ಪರವಾನಗಿ ಕೊಟ್ಟವರು ನೀವು. ಆ ಸುಳ್ಳುಗಾರ ನಾನು. ದಯವಿಟ್ಟು ನನ್ನ ಬಾಯಿ ಮುಚ್ಚಿಸಿ.

ಗಾಬರಿಯಾಗಬೇಡಿ. ಇದನ್ನು ಬರೆಯುವ ಹೊತ್ತಿಗೆ ನಾನು ಮನಗೂಳಿಯ ನನ್ನ ಮನೆಯ ಕಟ್ಟೆಯ ಮೇಲೆ ತೆಪ್ಪಗೆ ಕೂತಿದ್ದೇನೆ. ತಿರುಗುತ್ತಿರುವುದು ರೆಕಾರ್ಡು ಮಾಡಿದ ನನ್ನ ದನಿ. ಪ್ರಚಾರದ ಗಾಡಿ ಓಡಿಸುವ ದಿಲಾವರನ ಆಟೋದ ನೆತ್ತಿಗೆ ಕಟ್ಟಿದ ಭೋಂಗಾದಲ್ಲಿ, ಅಂದರೆ ನಿಮ್ಮ ಕಡತದ ಧ್ವನಿವರ್ಧಕದಲ್ಲಿ. ನಾನು ನಾಟಕದ ಪರದೆಯ ಹಿಂದೆ ಹುಟ್ಟಿ, ಬಣ್ಣದ ಪೆಟ್ಟಿಗೆಯ ಪಕ್ಕ ಮಲಗಿ ಬೆಳೆದವನು. ಕಡೆಯ ಸಾಲಿನಲ್ಲಿ ತೂಕಡಿಸುವವನೂ ಬೆಚ್ಚಿ ಎದ್ದು ಕೂರುವಂತೆ ಮಾತಾಡುವುದೊಂದೇ ನನ್ನ ವಿದ್ಯೆ. ನಾಟಕಗಳು ಬಡವಾದ ಮೇಲೆ ಆ ವಿದ್ಯೆಯನ್ನು ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟೆ. ಸೀರೆ ಅಂಗಡಿ, ಪಾತ್ರೆ-ಬಾಂಡೆ ಅಂಗಡಿ, ಚಪ್ಪಲಿ ಅಂಗಡಿ. ಬಾಡಿಗೆಯವನು ಮನೆಯಲ್ಲಿ ಏನು ಮಾಡುತ್ತಾನೆಂದು ವಿಚಾರಿಸದ ಮಾಲೀಕನ ಹಾಗೆ ಬದುಕಿದೆ.

ಈ ಸಲದ ಗಿರಾಕಿ, ಯಂತ್ರ ಮಾರುವ ಒಬ್ಬ ಸಾಹುಕಾರ. ಅವರು ಹೇಳಿದ್ದು ಯಂತ್ರದ ಹೆಸರು ಮತ್ತು ಅಂಗಡಿಯ ವಿಳಾಸ, ಇಷ್ಟೇ. ಆದರೆ ಬರಿಯ ವಿಳಾಸ ಕೂಗಲು ನಾನೇನು ಅಂಚೆಯವನೇ? ಗಂಟಲು ಸರಿಮಾಡಿಕೊಂಡೆ, ಮೈಕಿನ ಮುಂದೆ ಎದೆಯುಬ್ಬಿಸಿ ನಿಂತೆ: "ಕೇಳಿರಿ, ಕೇಳಿರಿ, ರೊಟ್ಟಿ ಬಡಿದು ಬಳಲಿದ ತಾಯಂದಿರೇ! ಬಂದಿದೆ ಕೈ ದಣಿಯದ, ಕಾವು ತಣಿಯದ ರೊಟ್ಟಿ ಯಂತ್ರ! ಕೆಡುವ ಮಾತೇ ಇಲ್ಲ! ಕೆಟ್ಟರೆ ಕರೆಯಿರಿ, ಕರೆದ ಗಳಿಗೆಗೆ ನಿಮ್ಮ ಬಾಗಿಲಲ್ಲಿ ನಾವು! ಇದು ನಾವು ಕೊಟ್ಟ ವಚನ!"

ವಚನ ಕೊಡಿ ಎಂದು ಸಾಹುಕಾರರು ಕೇಳಿರಲಿಲ್ಲ. ಮಾತಿಗೆ ಒಂದು ಏರು ಬೇಕಿತ್ತು, ಏರಿಸಿದೆ. ರಂಗದ ಮೇಲೆ ಸಂಭಾಷಣೆ ಮರೆತಾಗ ಸ್ವಂತ ಕೈಯಿಂದ ನಾಲ್ಕು ಮಾತು ಹಾಕಿ ದೃಶ್ಯ ದಾಟಿಸುವುದು ನಮ್ಮವರ ಹಳೆಯ ಚಟ. ಸಾಹುಕಾರರು ತೊಡೆ ತಟ್ಟಿ, "ವಾರೆವ್ಹಾ ಭೀಮಶ್ಯಾ! ಮಾತಂದ್ರ ಇದು!" ಎಂದರು. ಆ ಯಂತ್ರ ತಿರುಗಿದ್ದನ್ನು ನಾನು ನೋಡಿರಲಿಲ್ಲ. ಅದನ್ನು ರಿಪೇರಿ ಮಾಡುವವನೊಬ್ಬ ಅಂಗಡಿಯಲ್ಲಿ ಇದ್ದಾನೋ ಇಲ್ಲವೋ, ಅದನ್ನೂ ಕೇಳಿರಲಿಲ್ಲ. ಆಮೇಲೆ ನಿಮ್ಮ ಕಚೇರಿ ದನಿ ಎಷ್ಟು ಜೋರಿದೆಯೆಂದು ಅಳೆದು, ಮೊಹರು ಒತ್ತಿ ಕಳಿಸಿತು. ದನಿಯ ಎತ್ತರ ಅಳೆಯಲು ನಿಮ್ಮಲ್ಲಿ ಯಂತ್ರವಿದೆ ಸ್ವಾಮಿ. ಅದರೊಳಗಿನ ಮಾತಿನ ತೂಕ ನೋಡಲು ಸರ್ಕಾರ ಯಾರನ್ನು ನೇಮಿಸಿದೆ?

ತಾಂಬಾದ ಸುಲ್ತಾನಬಿಯ ಸಂಗತಿ ಹೇಳಿದರೆ ನಿಮಗೆ ಪೂರ್ತಿ ತಿಳಿಯುತ್ತದೆ. ಖಡಕ್ ಜೋಳದ ರೊಟ್ಟಿ ಮಾಡಿ ಮಾರುವವಳು. ಇಂಡಿಯ ಖಾನಾವಳಿಗಳಲ್ಲಿ ಊಟಕ್ಕೆ ಕೂತವರು "ರೊಟ್ಟಿ ಸುಲ್ತಾನಬಿದೇನ್ರಿ?" ಎಂದು ಕೇಳಿಯೇ ತಾಟಿಗೆ ಕೈ ಹಾಕುತ್ತಿದ್ದರು. ಮದುವೆಯ ದಿನಗಳು ಬಂದವು, ಬೇಡಿಕೆ ಏರಿತು. ಅವಳ ಮತ್ತು ಜೊತೆಗಾತಿ ಕಸ್ತೂರೆವ್ವನ ಕೈ ಸಾಲದಾಯಿತು. ಅಷ್ಟರಲ್ಲಿ ಅವರ ಓಣಿಯಲ್ಲಿ ನನ್ನ ದನಿ ಹಾದುಹೋಯಿತು.

ಯಂತ್ರ ಬಂತು. ಅಂಚು ಸುಟ್ಟು ನಡುವೆ ಹಸಿ ಉಳಿಯುವ ರೊಟ್ಟಿ ಉದುರಿಸಿತು. ಒಳಗೆ ಪಸೆ ಉಳಿದರೆ ಖಡಕ್ ರೊಟ್ಟಿಗೆ ಬೂಸ್ಟು ಹಿಡಿಯುತ್ತದೆ. ನಿಡಗುಂದಿಯ ಮದುವೆ ಮನೆಯಲ್ಲಿ ಬುಟ್ಟಿ ಬಿಚ್ಚಿದಾಗ ಬೀಗರ ಎದುರಿಗೇ ಹಸಿರು ಬೂಸ್ಟು ಎದ್ದಿತ್ತು. ಸುಲ್ತಾನಬಿ ತಾನೇ ಹೋಗಿ, ಬೈಸಿಕೊಂಡು, ಬುಟ್ಟಿಗಳನ್ನೆಲ್ಲ ಹೊತ್ತು ತಂದು ಎಮ್ಮೆಗಳ ಮುಂದೆ ಸುರಿದಳು. ನಂತರ ಅಂಗಡಿಗೆ ಹೋದಳು. ಸಾಹುಕಾರರು "ಮಾರಿದ ಮಾಲು ವಾಪಸಿಲ್ಲ" ಎಂಬ ಗೋಡೆಯ ಹಲಗೆ ತೋರಿಸಿದರು. ಕರೆದರೆ ಬರುತ್ತೇವೆ ಎಂದಿದ್ದಿರಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: "ನಾ ಎಲ್ಲಿ ಅಂದೇನವಾ? ಆ ನಾಟಕದಾವ ಅಂದಾನ. ಅವನ್ನ ಕರಿ ಹೋಗು."

ಅವಳು ಕರೆಯಲು ಬಂದಳು.

"ಕಾಕಾ, ಕರೆದ ಗಳಿಗಿಗೆ ಬರ್ತೇವಿ ಅಂದಿದ್ರಿ. ಕರಿಯಾಕ ಬಂದೇನಿ. ಬರ್ರಿ."

"ಯವ್ವಾ, ನನಗ ಒಂದು ಸ್ಕ್ರೂ ತಿರುವಾಕೂ ಬರೂದಿಲ್ಲ."

"ಮತ್ತ ಯಾಕ ಅಂದ್ರಿ? ಸಣ್ಣಾಕಿ ಇದ್ದಾಗಿಂದ ನಿಮ್ಮ ನಾಟಕ ನೋಡೇನಿ. ಎಲ್ಲಾ ನಾಟಕದಾಗೂ ವಚನ ಕೊಟ್ಟು ಜೀವಾ ಬಿಡಾವ್ರು ನೀವ ಇರ್ತಿದ್ರಿ."

ಹೊರಟೆ, ಮಾನ್ಯರೇ. ಅಂಗಿ ತೊಟ್ಟು ಅವಳ ಹಿಂದೆ ಬಸ್ ಹತ್ತಿದೆ.

ತಾಂಬಾದಲ್ಲಿ ಯಂತ್ರ ಮೂಲೆಯಲ್ಲಿ ಕೌದಿ ಹೊದ್ದು ಮಲಗಿತ್ತು. ಹೊಸ್ತಿಲಲ್ಲೇ ಕಸ್ತೂರೆವ್ವ ಸ್ವಾಗತಿಸಿದಳು: "ಬರ್ರಿ ಬರ್ರಿ, ಮಷೀನಿನ ಡಾಕ್ಟರು ಬಂದ್ರು! ನಾಡಿ ಹಿಡದು ನೋಡ್ರಿ, ಜೀವ ಐತೋ ಇಲ್ಲೋ!" ಸುಲ್ತಾನಬಿ ಗುಂಡಿ ಒತ್ತಿ ಒಂದು ರೊಟ್ಟಿ ತೆಗೆದು ನನ್ನ ಕೈಗಿಟ್ಟಳು. ಮುರಿಯಲು ಹೋದೆ. ಅದು ಮುರಿಯಲಿಲ್ಲ, ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ, "ಕೇಳಿರಿ, ಕೇಳಿರಿ!"

ನಾನು ಹೊರಗೆ ಓಡಿದೆ. ದಿಲಾವರ ಹಲ್ಲು ಕಿರಿದು, "ಕಾಕಾ! ನಿಮ್ಮ ದನಿ ಹಿಂದ ನೀವೂ ಬಂದ್ರಿ!" ಎಂದ.

"ಬಂದ್ ಮಾಡೋ ಅದನ್ನ!"

"ಪರವಾನಗಿ ಐತಿ ಕಾಕಾ. ಬಂದ್ ಮಾಡಿದ್ರ ಸಾಹುಕಾರ ನನ್ನ ಕೆಲಸಾನ ಬಂದ್ ಮಾಡ್ತಾನ."

ಆಟೋದ ಮುಂದೆ ಅಡ್ಡ ನಿಂತು, ಕೈಯೆತ್ತಿ, ಇದ್ದ ಉಸಿರೆಲ್ಲ ಕೂಡಿಸಿ ಗರ್ಜಿಸಿದೆ: "ತಾಯಂದಿರೇ, ನಂಬಬೇಡಿ! ಈ ವಚನ ಸುಳ್ಳು! ಇದನ್ನಾಡಿದ ಪಾಪಿ ನಾನೇ!" ನೆತ್ತಿಯ ಮೇಲಿನ ನಾನು ಕೆಳಗಿನ ನನಗಿಂತ ಜೋರಾಗಿ ವಚನ ಕೊಡುತ್ತಲೇ ಇದ್ದೆ. ಎಂಥೆಂಥ ಪ್ರತಿನಾಯಕರನ್ನೋ ರಂಗದ ಮೇಲೆ ಮಣ್ಣು ಮುಕ್ಕಿಸಿದವನು, ನನ್ನ ದನಿಗೆ ನಾನೇ ಸೋತೆ. ಜನ ಸೇರಿದರು. ಚಪ್ಪಾಳೆ ತಟ್ಟಿದರು! ಇದೂ ಜಾಹೀರಾತಿನ ಆಟವೇ ಎಂದುಕೊಂಡರು. ಒಬ್ಬಾಕೆ ಮುಂದೆ ಬಂದು ಅಕ್ಕರೆಯಿಂದ ಕೇಳಿದಳು: "ಭಾಳ ಚಂದ ಮಾಡಿದ್ರಿ. ಆ ಮಷೀನು ಎಲ್ಲಿ ಸಿಗತೈತ್ರಿ?"

ಈಗ ಹೇಳಿ, ಇಷ್ಟಾದ ಮೇಲೆ ನನಗೆ ನಿದ್ರೆ ಹೇಗೆ ಹತ್ತಬೇಕು?

ನಾಟಕ ಕಂಪನಿಯಲ್ಲಿ ಒಂದು ಮಾತಿತ್ತು: ಮೊದಲ ದಿನದ ಆಟ ಭೋಂಗಾದಿಂದ ತುಂಬುತ್ತದೆ, ಎರಡನೆಯ ದಿನದ್ದು ಆಟದಿಂದಲೇ ತುಂಬಬೇಕು. ವ್ಯಾಪಾರಕ್ಕೂ ಇದೇ. ಮೊದಲ ಮಾಲನ್ನು ನನ್ನಂಥವನ ಗಂಟಲು ಮಾರೀತು. ಎರಡನೆಯದನ್ನು ಮಾಲೇ ಮಾರಿಕೊಳ್ಳಬೇಕು, ಇಲ್ಲವೇ ಕೆಟ್ಟಾಗ ಓಡಿಬಂದ ಕಾಲುಗಳು ಮಾರಬೇಕು. ಇದನ್ನು ಗೊತ್ತಿಲ್ಲದೆ ಮುರಿದಿದ್ದರೆ ಕ್ಷಮೆಯುಂಟು. ನಾನು ಗೊತ್ತಿದ್ದೂ ಮುರಿದೆ. ಸಾಹುಕಾರರಿಗೆ ಗಿರಾಕಿ ಮತ್ತೆ ಬರಲಿ ಎಂಬ ಆಸೆಯೇ ಇಲ್ಲ. ಈ ಊರು ಮುಗಿದರೆ ಮುಂದಿನ ಊರು, ದಾರಿ ತೋರಿಸಲು ನನ್ನ ದನಿ ಇದ್ದೇ ಇದೆ. ಸುಲ್ತಾನಬಿಗೆ ಮುಂದಿನ ಊರಿಲ್ಲ. ಅವಳಿಗೆ ಇರುವುದು ಅವೇ ಖಾನಾವಳಿಗಳು, ಅವೇ ತಾಟುಗಳು. ಈಗ ಅಲ್ಲಿ "ಸುಲ್ತಾನಬಿದಾ? ಬ್ಯಾಡ್ರಿ" ಎನ್ನುತ್ತಾರೆ. ಯಂತ್ರದ ತಪ್ಪಿಗೆ ಅವಳ ಹೆಸರು ಸುಟ್ಟಿತು, ನನ್ನ ಹೆಸರಿಗೆ ಚಪ್ಪಾಳೆ ಬಿತ್ತು.

ಅವಳೂ ಕಸ್ತೂರೆವ್ವನೂ ಮತ್ತೆ ಕೈಯಲ್ಲೇ ಬಡಿಯತೊಡಗಿದ್ದಾರೆ. ಊರೂರಿಗೆ ನಿನ್ನ ರೊಟ್ಟಿಯ ಗುಣ ಕೂಗುತ್ತೇನೆ, ಬಿಡಿಗಾಸೂ ಬೇಡ ಎಂದೆ. ಅವಳು ಹೆಂಚಿನಿಂದ ಕಣ್ಣು ಎತ್ತಲಿಲ್ಲ. "ಬ್ಯಾಡ ಕಾಕಾ. ನೀವು ಹೊಗಳಿದ್ರ ಜನ ಇನ್ನೊಂದು ಸಲ ಹೆದರತಾರ."

ಹಾಗಾಗಿ ನಿಮ್ಮ ಕಚೇರಿಗೆ ಬಂದೆ. ಭೋಂಗಾಕ್ಕೆ ಪರವಾನಗಿ ಬೇಕೆಂದೆ. ಗುಮಾಸ್ತರು ಕೇಳಿದರು: "ವ್ಯಾಪಾರ, ಮದುವಿ, ಸಭಾ, ಮೆರವಣಿಗಿ. ನಿಮ್ಮದು ಯಾವುದ್ರಿ?"

"ತಪ್ಪೊಪ್ಪಿಗಿ."

"ಅದಕ್ಕ ಇಲ್ಲಿ ಕಾಲಂ ಇಲ್ರಿ. ಮೆರವಣಿಗಿ ಅಂತ ಬರೀಲೇನು?"

ಸುಳ್ಳಿಗೆ ಕಾಲಂ ಇದ್ದು ಪಶ್ಚಾತ್ತಾಪಕ್ಕೆ ಇಲ್ಲದ ಅರ್ಜಿಯನ್ನು ರಚಿಸಿದ ಮಹಾನುಭಾವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ನನ್ನ ಬೇಡಿಕೆ ಇದು. ನಾಳೆಯ ಆಟೋ ಹೊರಡುವ ಮುನ್ನ ಆ ಪ್ರಚಾರದ ಪರವಾನಗಿ ರದ್ದು ಮಾಡಿ. ಇನ್ನು ಮುಂದೆ "ಕೆಟ್ಟರೆ ಬರುತ್ತೇವೆ" ಎಂದು ಕೂಗಲು ಬಂದವರನ್ನು, ಬರುವವನು ಯಾರು, ಅವನನ್ನು ತೋರಿಸಿ ಎಂದು ಕೇಳಿ, ಆಮೇಲೆ ಮೊಹರು ಒತ್ತಿ. ಮತ್ತು ಅದೇ ಭೋಂಗಾವನ್ನು, ಅದೇ ನಾಲ್ಕು ತಾಲೂಕುಗಳಲ್ಲಿ, ಅದೇ ಓಣಿಗಳಲ್ಲಿ ನನಗೊಮ್ಮೆ ಕೊಡಿ. ಸುಲ್ತಾನಬಿಯ ರೊಟ್ಟಿಯನ್ನು ಹೊಗಳುವುದಿಲ್ಲ. ಬೂಸ್ಟು ಅವಳ ಕೈಯದಲ್ಲ, ನನ್ನ ಬಾಯಿಯದು ಎಂದಷ್ಟೇ ಹೇಳುತ್ತೇನೆ. ಕೊಡದಿದ್ದರೆ ನಡೆದೇ ಹೋಗಿ, ಖಾನಾವಳಿಯ ಒಂದೊಂದು ತಾಟಿನ ಮುಂದೆ ಬಗ್ಗಿ ಮೆಲ್ಲಗೆ ಹೇಳುತ್ತೇನೆ. ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಕಲಿಯುತ್ತೇನೆ.

ಇಂತಿ,
ಕರೆದರೆ ಬರುತ್ತೇನೆಂದು ಊರೂರಿಗೆ ವಚನ ಕೊಟ್ಟು, ಈವರೆಗೆ ಒಂದೇ ಮನೆಗೆ ಹೋಗಿಬಂದಿರುವ
ಭೀಮಶ್ಯಾ
ಮನಗೂಳಿ