ಮಾಸ್ಕ್ ಹಾಕಿಕೊಂಡೇ ಮಲಗು

ಬೆಟ್ಟಸ್ವಾಮಿ,

ಗುಬ್ಬಿಯಲ್ಲಿ ನಮ್ಮತ್ತೆಗೆ ಹುಷಾರಿಲ್ಲವಂತೆ, ಹೊರಟಿದ್ದೇನೆ. ನಾಳೆ ಬರುತ್ತೇನೆ. ಮುದ್ದೆ, ಸಾರು ಮುಚ್ಚಿಟ್ಟಿದ್ದೇನೆ.

ನಿನ್ನ ಉಸಿರಿನ ಮೆಷಿನ್ನಿನ ಮಾಸ್ಕುಗಳನ್ನು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದ್ದೇನೆ. ದೊಡ್ಡದು ಬೇಡ, ಕೆನ್ನೆಯ ಹತ್ತಿರ ಗಾಳಿ ಸೋರುತ್ತದೆ. ಚಿಕ್ಕದನ್ನೇ ಹಾಕಿಕೊ, ಮೂಗು ಕೆಂಪಾದರೆ ಆಗಲಿ. ಪೈಪಿನಲ್ಲಿ ನೀರು ಉಳಿದಿದ್ದರೆ ಒದರಿ ಸಿಕ್ಕಿಸು. ಮೆಷಿನ್ನು ಫಾರಿನ್ನಿಂದ ತರಿಸಿದ್ದು, ಕೆಟ್ಟರೆ ತುಮಕೂರಿನಲ್ಲಿ ರಿಪೇರಿ ಮಾಡುವವರಿಲ್ಲ. ಕರೆಂಟ್ ಹೋದರೆ ಎದ್ದು ಕೂತುಕೊ.

ಬೆಳಿಗ್ಗೆ ನೋಡಿದರೆ ಮಾಸ್ಕ್ ಮಂಚದ ಕೆಳಗಿರುತ್ತದೆ. ನಿದ್ದೆಯಲ್ಲಿ ಜಾರಿತು ಅನ್ನುತ್ತೀಯ. ಬೇಕೆಂದೇ ಬಿಚ್ಚಿ ಹಾಕುತ್ತೀಯ ಅಂತ ನನಗೆ ಗೊತ್ತು. ಮೊನ್ನೆ ಅಮ್ಮನ ಹತ್ತಿರ, "ಭಾವನೇ ಹೋದ್ಮೇಲೆ ನಂಗ್ಯಾಕಮ್ಮ ಉಸ್ರು" ಅಂದೆಯಲ್ಲ, ಕೇಳಿಸಿಕೊಂಡೆ.

ಕುಣಿಗಲ್ ರಸ್ತೆಯಲ್ಲಿ ಟೆಂಪೋ ಓಡಿಸುತ್ತಾ ನೀನು ನಿದ್ದೆ ಹೋದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಹೋಗಿಬಿಟ್ಟರು. ರಾತ್ರಿಯೆಲ್ಲ ಉಸಿರು ಕಟ್ಟುವ ಕಾಯಿಲೆ, ಅದಕ್ಕೇ ಹಗಲು ತೂಕಡಿಕೆ ಅಂತ ಡಾಕ್ಟರು ಹೇಳಿದ್ದು ಆಮೇಲೆ. ನನ್ನ ತಲೆಗೆ ಅದು ಅರ್ಥವಾಗಿದೆ, ಹೊಟ್ಟೆಗೆ ಆಗಿಲ್ಲ.

ನಿನ್ನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ ಕಣೋ. ಅದು ಇಳಿಯುವವರೆಗಾದರೂ ನೀನು ಬದುಕಿರಬೇಕು.

ಅಕ್ಕ