ಹಿಂದುಮುಂದಾದ ಟೇಪು

ಅಕ್ಕಾ,

ಇಲ್ಲಿನ ನಾಟಕ ಕಂಪನಿಯ ಹೊಲಿಗೆ ಕೋಣೆಯಲ್ಲಿ ಎಲ್ಲರೂ ಟೇಪಿಲ್ಲದೆ ಕತ್ತರಿ ಮುಟ್ಟದವರು. ಕಣ್ಣಳತೆಯಲ್ಲೇ ಕತ್ತರಿಸುವ ನನ್ನನ್ನು ನಕಲಿ ದರ್ಜಿಯೆಂದು ಓಡಿಸಿಯಾರೆಂದು ಹೆದರಿ, ನೀನು ಕೊಟ್ಟ ಟೇಪು ಹಿಡಿದು ಅಳೆದಂತೆ ನಟಿಸುತ್ತಿದ್ದೆ. ನಿನ್ನೆ ರಾಜನ ಪಾತ್ರದವರು ನಾನು ಹೊಲಿದ ಕೋಟು ತೊಟ್ಟರು. ಮೈಗೆ ಎರಕ ಹೊಯ್ದಂತೆ ಕೂತಿತು. ಆಗ ಕಟಿಂಗ್ ಮಾಸ್ಟರ್ ನನ್ನ ಕಿವಿಯಲ್ಲಿ, "ಬಂದಾಗಿಂದ ಟೇಪು ಹಿಂದುಮುಂದು ಹಿಡೀತಿದ್ದೀಯಲ್ಲಮ್ಮಾ," ಎಂದರು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ, ಮಾಸ್ಟರ್?"

"ಒಂದು ಹೊಲಿಗೇನೂ ಬಿಚ್ಚೋ ಹಾಗೆ ಆಗ್ಲಿಲ್ವಲ್ಲ, ಏನಂತ ಹೇಳ್ಲಿ?"

ನೆಗಡಿ ವಾಸಿಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ರಾಣಿಯ ಲಂಗ ಕಾಯುತ್ತಿದೆ, ಓಡಬೇಕು. ನಿನ್ನ ಟೇಪಿನಲ್ಲಿ ಈಗ ಕೋಣೆಯ ಪರದೆಯನ್ನು ಪಕ್ಕಕ್ಕೆ ಕಟ್ಟಿದ್ದೇನೆ. ಬೆಳಕು ಚೆನ್ನಾಗಿ ಬರುತ್ತದೆ.

ನಿನ್ನ ತಂಗಿ
(ದರ್ಜಿ)